ದಾವಣಗೆರೆ: ಕಾಲೇಜಿನ ಅಡ್ವೆಂಚರ್ ಕ್ಲಬ್ ಸೇರೋ ಮುಂಚೆ ಏನೇನು ಕೇಳ್ಕೋಬೇಕು?

ಹೊಸದುರ್ಗದ_ಹುಡುಗಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಫಸ್ಟ್ ಇಯರ್, ಹಾಸ್ಟೆಲ್‌ನಲ್ಲಿದೀನಿ. ಕಾಲೇಜಲ್ಲಿ ಸೀನಿಯರ್ಸ್ ನಡೆಸೋ ಅಡ್ವೆಂಚರ್ ಕ್ಲಬ್ ಇದೆ. ಟ್ರೆಕ್ಕಿಂಗ್, ರಾಪ್ಲಿಂಗ್ (ಹಗ್ಗ ಹಿಡಿದು ಬಂಡೆ ಇಳಿಯೋದು), ಒಂದಿಷ್ಟು ರಾಕ್ ಕ್ಲೈಂಬಿಂಗ್. ಹೋದ ವಾರ ಕ್ಲಾಸಿಗೇ ಬಂದು ಹೆಸರು ಬರ್ಕೊಂಡು ಹೋದ್ರು. ವರ್ಷಕ್ಕೆ ಎಂಟುನೂರು, ಟೀ ಶರ್ಟ್ ಅದರಲ್ಲೇ ಬರುತ್ತೆ, ಟ್ರಿಪ್ ಖರ್ಚು ಬೇರೆ. ತಿಂಗಳ ಕೊನೆಯೊಳಗೆ ದುಡ್ಡು ಕಟ್ಟಬೇಕು.

ನಂಗೆ ಆಸೆ ತುಂಬಾ ಇದೆ. ನಮ್ಮೂರ ಕಡೆ ಗುಡ್ಡದ ಮೇಲೆ ತಿರುಗೋ ಗಾಳಿಯಂತ್ರಗಳನ್ನ ಚಿಕ್ಕವಳಿದ್ದಾಗಿಂದ ನೋಡ್ತಿದೀನಿ, ಆ ಗುಡ್ಡ ಹತ್ತೋಕೆ ಮಾತ್ರ ಮನೇಲಿ ಬಿಟ್ಟಿಲ್ಲ. ಈಗ ಅಮ್ಮ ಹೂಂ ಅಂದಿದಾರೆ. ಅಪ್ಪ "ನಿನ್ನ ಕಳ್ಸಿರೋದು ಓದೋಕೆ" ಅಂತ ಫೋನ್ ಇಟ್ಟುಬಿಟ್ರು. ಅಪ್ಪನಿಗೆ ಸಿಟ್ಟಿಗಿಂತ ಭಯ ಜಾಸ್ತಿ, ಅದು ನಂಗೊತ್ತು. ಅವರಿಗೆ ಧೈರ್ಯ ಹೇಳ್ಬೇಕು ಅಂದ್ರೆ ಈ ಕ್ಲಬ್ ಹೆಂಗಿದೆ ಅಂತ ಮೊದಲು ನಂಗೆ ಗೊತ್ತಿರಬೇಕಲ್ವಾ? ಸೀನಿಯರ್ಸ್ ಹತ್ರ ಏನೇನು ಕೇಳ್ಬೇಕು? ಅಟೆಂಡೆನ್ಸ್ ಎಷ್ಟು ಹೋಗುತ್ತೆ? ಹುಡುಗಿಯರಿಗೆ ತೊಂದರೆ ಏನಾದ್ರೂ ಇರುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಪಿಬಿ_ರಸ್ತೆ
ಸೇರ್ಕೊಳ್ರಿ ಸುಮ್ನೆ. ಕಾಲೇಜು ಮುಗಿದ್ಮೇಲೆ ಈ ರೇಟಿಗೆ ಯಾರೂ ಕರ್ಕೊಂಡು ಹೋಗಲ್ಲ.

ನೇರ_ಮಾತು
ಬೇಜಾರಾಗ್ಬೇಡಿ, ಇದ್ದದ್ದು ಹೇಳ್ತೀನಿ. ಬಹಳಷ್ಟು ಕಾಲೇಜು ಕ್ಲಬ್‌ಗಳು ಹೆಸರಿಗಷ್ಟೇ ಸಾಹಸ. ರಾತ್ರಿ ಬಸ್ಸಲ್ಲಿ ಕುಣ್ಕೊಂಡು ಹೋಗೋದು, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗುಡ್ಡ ಹತ್ತೋದು, ಫೋಟೋ ತೆಗೆಯೋದು, ವಾಪಸ್. ಅದಕ್ಕೆ ಕ್ಲಬ್ ಯಾಕೆ ಬೇಕು? ಗೆಳತಿಯರು ನಾಲ್ಕು ಜನ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ ಕೋಟೆ ಸುತ್ತಿ, ಚಂದ್ರವಳ್ಳಿ ನೋಡ್ಕೊಂಡು ಸಂಜೆಗೆ ವಾಪಸ್ ಬನ್ನಿ. ಎಂಟುನೂರು ಉಳಿಯುತ್ತೆ.

ಹಗ್ಗ_ಗಂಟು
ನೇರ ಮಾತು ಅವರೇ, ನೀವು ಹೇಳಿದಂಥ ಕ್ಲಬ್‌ಗಳು ಇವೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಾನೂ ಒಂದೇ ತಕ್ಕಡೀಲಿ ತೂಗ್ಬೇಡಿ. ನಾನು ದಾವಣಗೆರೆಯಲ್ಲೇ ಓದಿ, ಕ್ಲಬ್‌ನಲ್ಲೇ ಕಲಿತು, ಆಮೇಲೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿದವನು. ಕ್ಲಬ್ ಇಲ್ದಿದ್ರೆ ಅಂಥದ್ದೊಂದು ಕೋರ್ಸ್ ಇದೆ ಅಂತಾನೂ ನಂಗೆ ಗೊತ್ತಾಗ್ತಿರಲಿಲ್ಲ.

ತಂಗೀ, ನೀನು ಕೇಳ್ಬೇಕಾದ ಮೊದಲನೇ ಪ್ರಶ್ನೆ "ಎಲ್ಲೆಲ್ಲಿಗೆ ಹೋಗ್ತೀರಿ" ಅನ್ನೋದಲ್ಲ. "ವಾರದಲ್ಲಿ ಯಾವತ್ತು ಪ್ರಾಕ್ಟೀಸ್ ಮಾಡ್ತೀರಿ, ಎಲ್ಲಿ ಮಾಡ್ತೀರಿ" ಅಂತ ಕೇಳು. ಕಲಿಸೋ ಕ್ಲಬ್ಬಿಗೆ ಅದಕ್ಕೆ ತಕ್ಷಣ ಉತ್ತರ ಇರುತ್ತೆ. ಗ್ರೌಂಡಲ್ಲಿ ಗಂಟು ಹಾಕಿಸ್ತಾರೆ, ಸೊಂಟ ತೊಡೆಗೆ ಹಾಕೋ ಪಟ್ಟಿ ಹಾರ್ನೆಸ್ ಕಟ್ಟಿಸ್ತಾರೆ, ನೆಲದ ಮೇಲೇ ನಿಲ್ಲಿಸಿ ಬಿಲೇ ಮಾಡಿಸ್ತಾರೆ, ಅಂದ್ರೆ ಹತ್ತೋರ ಹಗ್ಗ ಹಿಡಿದು ಬೀಳದಂತೆ ಕಾಯೋದು. ಬರೀ ಟ್ರಿಪ್ ಮಾಡೋ ಕ್ಲಬ್ ಆದ್ರೆ "ಅಲ್ಲಿ ಹೋದ್ಮೇಲೆ ಹೇಳ್ಕೊಡ್ತೀವಿ ಬಿಡು" ಅಂತಾರೆ. ಬಂಡೆ ಅಂಚಲ್ಲಿ ನಿಂತು, ಹಿಂದೆ ಮೂವತ್ತು ಜನ ಕೂಗ್ತಿರೋವಾಗ ಯಾರಿಗೂ ಗಂಟು ಹಾಕೋಕೆ ಕಲಿಸೋಕಾಗಲ್ಲ.

ಎರಡನೇದು, ಹಗ್ಗ ತೋರಿಸಿ ಅನ್ನು. ನಾಚ್ಕೋಬೇಡ. ನಿನ್ನ ಜೀವ ಅದರ ಮೇಲೇ ನೇತಾಡೋದು. ಹಗ್ಗ ಯಾವ ವರ್ಷ ತಗೊಂಡಿದ್ದು, ಎಷ್ಟು ಸಲ ಬಳಸಿದಾರೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿರಬೇಕು. ಹಗ್ಗ ಮಾಡೋ ಕಂಪನಿಗಳು, ಬಳಸದೆ ಇಟ್ಟರೂ ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಬೇಡ ಅಂತಾವೆ. ಬಳಸೋ ಹಗ್ಗದ ಆಯಸ್ಸು ಅದಕ್ಕಿಂತ ಎಷ್ಟೋ ಕಮ್ಮಿ. ಸಾಧ್ಯ ಆದ್ರೆ ನೀನೇ ಕೈಯಲ್ಲಿ ಹಿಡಿದು ನೋಡು. ಒಂದು ತುದಿಯಿಂದ ಶುರು ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ನಿಧಾನಕ್ಕೆ ಎಳೀತಾ ಹೋಗು. ಹೊರಗಿನ ಹೆಣಿಗೆ ಒಂದು ಭಾಗ, ಒಳಗಿನ ಎಳೆಗಳು ಇನ್ನೊಂದು ಭಾಗ. ಭಾರ ಹೊರೋದು ಹೆಚ್ಚಾಗಿ ಒಳಗಿನವು. ಎಲ್ಲಾ ಕಡೆ ಒಂದೇ ಗಟ್ಟಿ ಇರಬೇಕು. ಎಲ್ಲಾದ್ರೂ ಒಂದು ಕಡೆ ಬೆಂದ ಶಾವಿಗೆ ಹಿಡಿದ ಹಾಗೆ ಮೆತ್ತಗಾಗಿ ಚಪ್ಪಟೆಯಾದ್ರೆ, ಹೊರಗೆ ಎಷ್ಟೇ ಹೊಸದಾಗಿ ಕಂಡ್ರೂ ಒಳಗೆ ಎಳೆ ಹೋಗಿದೆ ಅಂತ ಅರ್ಥ. ಹೊರ ಹೆಣಿಗೆ ಕಿತ್ತು ಒಳಗಿನ ಬಿಳಿ ಕಾಣಿಸ್ತಿದ್ರೂ ಅಷ್ಟೇ, ಆ ಹಗ್ಗದ ಕೆಲಸ ಮುಗೀತು. ಹಗ್ಗ ತುಳಿದ್ರೆ ಬೈಯೋ ಸೀನಿಯರ್ ಇದ್ರೆ ಆ ಕ್ಲಬ್‌ನ ನಂಬು. ತುಳಿದಾಗ ಮಣ್ಣಿನ ಹರಳು ಒಳಗೆ ಹೋಗಿ ಎಳೆಗಳನ್ನ ಕೊಯ್ಯುತ್ತೆ, ಅದಕ್ಕೇ ಬೈಯೋದು.

ಮೂರನೇದು, "ಅರ್ಧಕ್ಕೆ ವಾಪಸ್ ಬಂದಿದ್ದು ಯಾವಾಗ" ಅಂತ ಕೇಳು. ಮಳೆ ಬಂತು ಅಂತಲೋ, ಒಬ್ಬರಿಗೆ ಸುಸ್ತಾಯ್ತು ಅಂತಲೋ ಒಂದು ಸಲನೂ ವಾಪಸ್ ಬರದೇ ಇರೋ ಕ್ಲಬ್ ಜೊತೆ ನಾನಂತೂ ನನ್ನ ತಂಗೀನ ಕಳ್ಸಲ್ಲ.

ಬೆಣ್ಣೆದೋಸೆ_ಬಳಗ
ಹಗ್ಗದ ವಿಷ್ಯ ಇಷ್ಟೊಂದು ಇರುತ್ತೆ ಅಂತ ಗೊತ್ತೇ ಇರಲಿಲ್ಲ ಗುರುವೇ. ಮುಂದಿನ ಸಲ ರೆಸಾರ್ಟಲ್ಲಿ ಜಿಪ್‌ಲೈನ್ ಹತ್ತೋ ಮುಂಚೆನೂ ಕೇಳ್ತೀನಿ.

ಹಗ್ಗ_ಗಂಟು
ಖಂಡಿತ ಕೇಳಿ.

ದುರ್ಗದವನು
ಹಗ್ಗ ಹಗ್ಗ ಅಂತೀರಲ್ಲ, ನಮ್ಮ ದುರ್ಗದಲ್ಲಿ ಕೋತಿರಾಜ್ (ಜ್ಯೋತಿರಾಜ್) ಕೋಟೆ ಗೋಡೆನ ಬರಿಗೈಲಿ ಹತ್ತೋದು ನೋಡಿಲ್ವಾ? ಹಗ್ಗನೂ ಇಲ್ಲ, ಏನೂ ಇಲ್ಲ. ಊರಲ್ಲೇ ಇಂಥ ಬಂಡೆ ಇಟ್ಕೊಂಡು ದುಡ್ಡು ಕೊಟ್ಟು ಎಲ್ಲೆಲ್ಲಿಗೋ ಯಾಕೆ ಹೋಗ್ಬೇಕು? ದಾವಣಗೆರೆ ಕ್ಲಬ್‌ನವರು ಕೋಟೆಗೇ ಬಂದು ಕಲೀಲಿ. ಸುಮಾರು ಅರವತ್ತು ಕಿಲೋಮೀಟರ್, ಹೈವೇಲಿ ಒಂದು ಗಂಟೆ ದಾರಿ.

ಕಲ್ಲು_ಮಣ್ಣು
ಅಣ್ಣಾ, ಜ್ಯೋತಿರಾಜ್ ಬಗ್ಗೆ ನಂಗೂ ಅಭಿಮಾನ ಐತೆ. ಆದ್ರೆ ಅವರನ್ನ ನೋಡಿ ಫಸ್ಟ್ ಇಯರ್ ಹುಡುಗರು ಕೋಟೆ ಗೋಡೆಗೆ ಕೈ ಹಾಕೋದು ಬೇಡ. ಅವರೂ 2018ರಲ್ಲಿ ಜೋಗದಲ್ಲಿ ಕಾಣೆಯಾದವರನ್ನ ಹುಡುಕೋಕೆ ಇಳಿದು ಸಿಕ್ಕಿಹಾಕ್ಕೊಂಡು, ರಾತ್ರಿಯೆಲ್ಲಾ ಅಲ್ಲೇ ಕಳೆದು ಮಾರನೇ ದಿನ ಬದುಕಿ ಬಂದ್ರು. ಅಷ್ಟು ಪಳಗಿದ ಕೈಗೇ ಹಂಗಾಗಿದೆ.

ಇನ್ನೊಂದು, ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಅನುಮತಿ ಇಲ್ದೆ ಹಗ್ಗ ಕಟ್ಟೋದು, ಬಂಡೆಗೆ ಬೋಲ್ಟ್ ಹೊಡೆಯೋದು ಕಾನೂನಿಗೆ ವಿರುದ್ಧ. 1779ರಲ್ಲಿ ಹೈದರಾಲಿ ಕೈ ಸೇರೋವರೆಗೂ ನಾಯಕರು ಉಳಿಸ್ಕೊಂಡಿದ್ದ ಗೋಡೆ ಅದು. ಗಾರೆ ಇಲ್ದೆ ಕಲ್ಲಿಗೆ ಕಲ್ಲು ಕೂರಿಸಿರೋ ಕಡೆಯೆಲ್ಲ ಒಂದು ಕಲ್ಲು ಜರುಗಿದ್ರೆ ಪಕ್ಕದ್ದೂ ಜರುಗುತ್ತೆ. ಕೋಟೆ ನೋಡೋಕೆ ಬರ್ಲಿ, ಓಬವ್ವನ ಕಿಂಡಿ ನೋಡ್ಲಿ. ಹತ್ತೋಕೆ ಬೇರೆ ಬಂಡೆ ಹುಡುಕ್ಲಿ.

ದುರ್ಗದವನು
ಗೋಡೆ ಹತ್ತಿ ಅಂತ ನಾನೂ ಹೇಳಲಿಲ್ಲ ಮಾರಾಯ್ರೇ. ದುರ್ಗದ ಸುತ್ತ ಬಂಡೆಗೇನು ಬರ ಇದೆಯಾ, ಎಲ್ಲಿ ನೋಡಿದ್ರೂ ಬಂಡೆನೇ. ಅನುಮತಿ ತಗೊಂಡು ಹತ್ತೋ ಜಾಗ ಅಂತ ಒಂದು ಮಾಡಿದ್ರೆ ನಮ್ ಹುಡುಗರು ರಾಮನಗರಕ್ಕೋ ಬಾದಾಮಿಗೋ ಅಲೆಯೋದು ತಪ್ಪುತ್ತೆ. ಇದನ್ನ ಯಾರಾದ್ರೂ ಜಿಲ್ಲಾಡಳಿತಕ್ಕೆ ಹೇಳ್ಬೇಕು.

ಕಲ್ಲು_ಮಣ್ಣು
ಈ ಮಾತು ಒಪ್ಪಿದೆ. ನಮ್ ಗ್ರಾನೈಟು ಹಿಡಿತಕ್ಕೆ ಬಹಳ ಒಳ್ಳೇದು. ಬಾದಾಮಿದು ಮರಳುಗಲ್ಲು, ಮಳೆ ಬಂದು ನೆಂದ್ರೆ ಹಿಡಿ ಮುರಿದು ಕೈಗೇ ಬರುತ್ತೆ, ಒಣಗೋವರೆಗೂ ಹತ್ತಬಾರದು. ಗ್ರಾನೈಟಿಗೆ ಆ ಕಾಟ ಇಲ್ಲ. ಆದ್ರೆ ಅದರ ಅಂಚು ಒರಟು, ಹಗ್ಗ ಉಜ್ಜೋ ಕಡೆ ದಪ್ಪ ಬಟ್ಟೆನೋ ಹಳೇ ಗೋಣಿಚೀಲನೋ ಹಾಕ್ಲೇಬೇಕು.

ಹರಿಹರದ_ಹೊಳೆ
ದುರ್ಗಕ್ಕೆ ಹೋದವರು ಸಂಜೆ ದಾವಣಗೆರೆಗೆ ಬಂದು ಮಂಡಕ್ಕಿ ಮಿರ್ಚಿ ತಿನ್ದೆ ಇರಬೇಡ್ರಿ. ಹತ್ತಿ ಇಳಿದ ಹಸಿವಿಗೆ ಅದರಂಥದ್ದು ಇನ್ನೊಂದಿಲ್ಲ.

ಬೆಣ್ಣೆದೋಸೆ_ಬಳಗ
ಮಿರ್ಚಿ ಆಮೇಲೆ. ಮೊದಲು ದೋಸೆ.

ತಂದೆಯೊಬ್ಬ
ನನ್ನ ಮಗನೂ ಸೆಕೆಂಡ್ ಇಯರ್. ಇಲ್ಲಿರುವ ಮಕ್ಕಳಿಗೆ ಅಪ್ಪಂದಿರ ಮಾತನ್ನೂ ಹೇಳಬೇಕು ಅನ್ನಿಸಿತು. 2014ರ ಜೂನ್‌ನಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಿಮಾಚಲದ ಬಿಯಾಸ್ ನದಿಗೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು 24 ಮಕ್ಕಳು ಕೊಚ್ಚಿಹೋದರು. 2024ರ ಜೂನ್‌ನಲ್ಲಿ ಹೆಚ್ಚಾಗಿ ನಮ್ಮ ಕರ್ನಾಟಕದವರೇ ಇದ್ದ 22 ಜನರ ತಂಡ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿ, ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಟೀವಿಯಲ್ಲಿ ಇದನ್ನೆಲ್ಲ ನೋಡಿದ ಅಪ್ಪ "ಹೋಗಮ್ಮಾ" ಅಂತ ಹೇಗೆ ಹೇಳುತ್ತಾನೆ? ನಿಮ್ಮ ತಂದೆಯವರ ಜಾಗದಲ್ಲಿ ಒಮ್ಮೆ ನಿಂತು ನೋಡಿ.

ಹೊಸದುರ್ಗದ_ಹುಡುಗಿ
ಅಂಕಲ್, ನೀವು ಹೇಳಿದ್ದು ಪೂರ್ತಿ ಅರ್ಥ ಆಯ್ತು. ಅಪ್ಪನೂ ಬಹುಶಃ ಇದನ್ನೇ ಹೇಳೋಕೆ ಆಗದೆ ಫೋನ್ ಇಟ್ಟಿರಬೇಕು. ನಿಮ್ಮ ಮಗ ಕ್ಲಬ್ ಸೇರ್ತೀನಿ ಅಂದ್ರೆ ಏನು ನೋಡಿದ್ರೆ ನೀವು ಒಪ್ತೀರಿ?

ತಂದೆಯೊಬ್ಬ
ಜವಾಬ್ದಾರಿ ಯಾರದು ಅಂತ ಗೊತ್ತಾಗಬೇಕು, ಅಷ್ಟೇ ಮಗಳೇ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ಹತ್ತೊಂಬತ್ತು ವರ್ಷದವರನ್ನ ಕರೆದುಕೊಂಡು ಹೋಗುವುದಾದರೆ ಒಪ್ಪುವುದಿಲ್ಲ. ಒಬ್ಬ ಮೇಷ್ಟ್ರೋ ಮೇಡಮ್ಮೋ ಜೊತೆಗಿರಬೇಕು. ಅವರ ನಂಬರ್ ನನ್ನ ಹತ್ತಿರ ಇರಬೇಕು. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ವಾಪಸ್ ಅಂತ ಬರೆದು ಕೊಡಬೇಕು. ಇಷ್ಟಾದರೆ ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ.

ಸಿವಿಲ್_ಮೇಡಂ
ನಾನು ಬೇರೆ ಕಾಲೇಜೊಂದರಲ್ಲಿ ಇಂಥ ಕ್ಲಬ್ಬಿನ ಸಂಯೋಜಕಿ. ತಂದೆಯವರ ಬೇಡಿಕೆ ನ್ಯಾಯವಾಗಿದೆ, ನಾವೂ ಹಾಗೆಯೇ ಮಾಡುತ್ತೇವೆ. ಪ್ರಿನ್ಸಿಪಾಲರ ಸಹಿಯಾದ ಪತ್ರವಿಲ್ಲದೆ ಬಸ್ಸು ಕಾಲೇಜಿನ ಗೇಟು ದಾಟುವುದಿಲ್ಲ. ಪೋಷಕರ ಒಪ್ಪಿಗೆ ಪತ್ರವನ್ನು ಹಾಸ್ಟೆಲ್ ರೂಮಲ್ಲಿ ಕುಳಿತು ಮಕ್ಕಳೇ ಸಹಿ ಮಾಡಿಕೊಂಡು ಬರುವುದುಂಟು, ಹಾಗಾಗಿ ಪ್ರತಿ ಮನೆಗೂ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತೇನೆ. ಒಪ್ಪಿಗೆ ಪತ್ರ ಪಡೆದ ಮಾತ್ರಕ್ಕೆ ಕ್ಲಬ್ಬಿನ ಹೊಣೆ ಕಳೆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಟೆಂಡೆನ್ಸ್ ವಿಚಾರ: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜಾದರೆ 85 ಪರ್ಸೆಂಟ್ ಬೇಕು. ವೈದ್ಯಕೀಯದಂಥ ಕಾರಣಕ್ಕೆ ಸ್ವಲ್ಪ ವಿನಾಯಿತಿ ಇದೆ, ಅದನ್ನು ಟ್ರೆಕ್ಕಿಗೆ ಖರ್ಚು ಮಾಡಬೇಡಿ. ಒಳ್ಳೆಯ ಕ್ಲಬ್‌ಗಳು ಭಾನುವಾರ ಮತ್ತು ಸೆಮಿಸ್ಟರ್ ರಜೆಯಲ್ಲೇ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ಇಂಟರ್ನಲ್ಸ್ ವಾರದಲ್ಲಿ ಟ್ರಿಪ್ ಇಟ್ಟಿದ್ದಾರೆ ಅಂದರೆ ನಡೆಸುವವರಿಗೆ ಓದಿನ ಮೇಲೆ ಗಮನವಿಲ್ಲ ಎಂದೇ ತಿಳಿಯಿರಿ.

ನೇರ_ಮಾತು
ಮೇಡಂ, ನಿಮ್ಮಂಥವರು ಇದ್ರೆ ಸರಿ. ಎಲ್ಲಾ ಕಡೆ ಇರಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ಚಿಕ್ಕಮಗಳೂರು ಕಡೆ ಹೋಗಿದ್ದೆ, ಹೆಸರು ಬೇಡ. ಐವತ್ತು ಜನಕ್ಕೆ ಇಬ್ಬರು ಗೈಡು. ಮುಂದೆ ಒಬ್ಬ ಓಡ್ತಿದ್ದ, ಹಿಂದೆ ಇನ್ನೊಬ್ಬ ಫೋನಲ್ಲಿದ್ದ. ಮಂಜು ಕವಿದು ನಡುವಿನ ಆರೇಳು ಜನ ಬೇರೆ ದಾರಿ ಹಿಡಿದ್ವಿ. ಕತ್ತಲಾದ್ಮೇಲೆ ಎಸ್ಟೇಟಿನ ಕೆಲಸದವರೊಬ್ಬರು ಟಾರ್ಚ್ ಹಿಡ್ಕೊಂಡು ಬಂದು ರಸ್ತೆಗೆ ಬಿಟ್ರು. ಕೆಳಗೆ ಬಂದಾಗ ನಾವು ಕಾಣೆಯಾಗಿರೋದೇ ಅವರಿಗೆ ಗೊತ್ತಿರಲಿಲ್ಲ. ಅವತ್ತಿಂದ ನಂಗೆ ಈ ಗುಂಪುಗಳ ಮೇಲೆ ನಂಬಿಕೆ ಇಲ್ಲ.

ಹಗ್ಗ_ಗಂಟು
ನಿಮ್ಮ ಸಿಟ್ಟಿಗೆ ಕಾರಣ ಈಗ ಗೊತ್ತಾಯ್ತು, ಅದು ಸರಿಯಾದ ಸಿಟ್ಟೇ. ಹತ್ತು ಹನ್ನೆರಡು ಜನಕ್ಕೆ ಒಬ್ಬ ದಾರಿ ಬಲ್ಲವರು ಇರಬೇಕು. ಎಲ್ಲರಿಗಿಂತ ಹಿಂದೆ ಬರೋನು ತಂಡದಲ್ಲಿ ಅತ್ಯಂತ ಪಳಗಿದವನಾಗಿರಬೇಕು. ಪ್ರತಿ ನಿಲುಗಡೇಲೂ ತಲೆ ಎಣಿಸ್ಬೇಕು. ತಂಗೀ, ಇದನ್ನೂ ಕೇಳು: ಹಿಂದೆ ಯಾರು ಬರ್ತಾರೆ ಅಂತ.

ಮಳೆಗಾಲ
ಹುಡುಗಿಯರ ವಿಷಯ ಯಾರೂ ಬಾಯಿ ಬಿಡ್ತಿಲ್ಲ, ನಾನೇ ಹೇಳ್ತೀನಿ. ದಾವಣಗೆರೆಯಲ್ಲೇ ಓದಿದ್ದು, ಕ್ಲಬ್‌ನಲ್ಲಿದ್ದೆ, ಈಗ ಬೆಂಗಳೂರಲ್ಲಿ ಕೆಲಸ.

ನೋಡೇ, ಮೊದಲು ಈಗ ಕ್ಲಬ್‌ನಲ್ಲಿರೋ ಸೆಕೆಂಡ್ ಇಯರ್, ಥರ್ಡ್ ಇಯರ್ ಹುಡುಗಿಯರನ್ನ ಹುಡುಕಿ ಮಾತಾಡ್ಸು. ಹುಡುಗರು ಜೊತೆಗಿಲ್ಲದಾಗ ಮಾತಾಡ್ಸು. ಸೇರಿದ ಹುಡುಗಿಯರು ಎರಡನೇ ವರ್ಷ ಮುಂದುವರಿಸಿಲ್ಲ ಅಂದ್ರೆ ಯಾಕೆ ಅಂತ ಕೇಳು. ಉತ್ತರ ಅಲ್ಲೇ ಸಿಗುತ್ತೆ. ರಾತ್ರಿ ಉಳಿಯೋ ಟ್ರಿಪ್ಪಿಗೆ ಲೇಡಿ ಲೆಕ್ಚರರ್ ಬರ್ತಾರಾ, ಟೆಂಟ್ ಬೇರೆ ಇರುತ್ತಾ, ಅದನ್ನೂ ಕೇಳ್ಕೋ.

ಇನ್ನು ಪೀರಿಯಡ್ಸ್. ಅದಕ್ಕೋಸ್ಕರ ಟ್ರಿಪ್ ಬಿಡೋದೇನೂ ಬೇಡ. ಮೈ ಕೇಳಿದ್ರೆ ಹೋಗು, ಕೇಳದಿದ್ರೆ ಬಿಡು. ಪ್ಯಾಡು, ಹಳೇ ಪೇಪರು, ಜಿಪ್ ಇರೋ ಎರಡು ಪ್ಲಾಸ್ಟಿಕ್ ಕವರು, ಒಂದು ಸಣ್ಣ ಸೋಪು ಬ್ಯಾಗಿನ ಹೊರಗಿನ ಖಾನೇಲಿ ಇಟ್ಕೋ. ಬಳಸಿದ್ದನ್ನ ಕಾಡಲ್ಲಿ ಎಸೀಬೇಡ, ಕವರಲ್ಲಿ ಹಾಕಿ ವಾಪಸ್ ತಾ. ಬಯಲಿಗೆ ಹೋಗೋದು ಮುಜುಗರ ಅಂತ ನೀರು ಕುಡಿಯದೇ ಇರೋ ಹುಡುಗಿಯರನ್ನ ಬೇಕಾದಷ್ಟು ನೋಡಿದೀನಿ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಕೂತುಬಿಡ್ತಾರೆ. ನಮ್ ಬ್ಯಾಚಲ್ಲಿ ಇಬ್ಬರು ದುಪಟ್ಟಾ ಹಿಡ್ಕೊಂಡು ನಿಲ್ತಿದ್ವಿ, ಒಬ್ಬಳು ಹೋಗಿ ಬರ್ತಿದ್ಲು. ಬಾಯಿಬಿಟ್ಟು ಹೇಳಿದ್ರೆ ಎಲ್ಲಾದಕ್ಕೂ ದಾರಿ ಇದೆ.

ಹಾರ್ನೆಸ್ ಕಟ್ಟೋಕೆ ಹುಡುಗನೇ ಬರಬೇಕು ಅಂತಿಲ್ಲ. ನೀನೇ ಕಟ್ಟೋದು ಕಲಿ, ಇನ್ನೊಬ್ಬಳು ನೋಡಿ ಸರಿ ಇದೆ ಅನ್ಲಿ. ಹತ್ತೋ ಮುಂಚೆ ಪ್ರತಿಯೊಬ್ಬರನ್ನೂ ಇನ್ನೊಬ್ಬರು ಪರೀಕ್ಷೆ ಮಾಡ್ಲೇಬೇಕು: ಬಕಲ್, ಗಂಟು, ಹಗ್ಗ ಸಿಕ್ಕಿಸೋ ಲೋಹದ ಕೊಂಡಿ ಅಂದ್ರೆ ಕ್ಯಾರಬಿನರ್‌ನ ಸ್ಕ್ರೂ, ಹೆಲ್ಮೆಟ್. ಎಷ್ಟೇ ಸೀನಿಯರ್ ಆದ್ರೂ.

ಹೊಸದುರ್ಗದ_ಹುಡುಗಿ
ಅಕ್ಕಾ, ಇದನ್ನ ಯಾರ ಹತ್ರ ಕೇಳೋದು ಅಂತಾನೇ ಗೊತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ಮೂಕ_ಹಕ್ಕಿ
ನಂದೊಂದು ಪ್ರಶ್ನೆ. ನಂಗೆ ಎತ್ತರ ಕಂಡ್ರೆ ಕಾಲು ನಡುಗುತ್ತೆ. ನಾನು ಸೇರಬಹುದಾ?

ಮಳೆಗಾಲ
ಸೇರಬಹುದು. ನಡುಗದೆ ಇರೋರು ಕಮ್ಮಿ. ಒಳ್ಳೇ ಕ್ಲಬ್ ನಿನ್ನನ್ನ ತಳ್ಳಲ್ಲ. "ಇವತ್ತು ಬೇಡ" ಅಂದ್ರೆ ನಗ್ತಾರಾ, ಸುಮ್ನೆ ಹಗ್ಗ ಬಿಚ್ತಾರಾ ನೋಡು. ನಕ್ಕರೆ ಆ ಕ್ಲಬ್ ಬೇಡ.

ನಿವೃತ್ತ_ಪಿಟಿ_ಮೇಷ್ಟ್ರು
ಬಹಳ ಒಳ್ಳೆಯ ಚರ್ಚೆ. ಒಂದೆರಡು ಮಾತು ಸೇರಿಸುತ್ತೇನೆ. ಕ್ಲಬ್ ಒಂದೇ ದಾರಿ ಎಂದು ತಿಳಿಯಬೇಡಿ. ನಮ್ಮ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಕೆರೆ, ಗುಡ್ಡ, ಕಾಡು ಮೂರೂ ಒಟ್ಟಿಗಿರುವ ಜಾಗ. ಕಾಲೇಜು ವಯಸ್ಸಿನವರಿಗೆ ರೋವರ್, ರೇಂಜರ್ ಘಟಕಗಳಿರುತ್ತವೆ. ಗಂಟು ಹಾಕುವುದು, ದಿಕ್ಸೂಚಿ ನೋಡುವುದು, ಪ್ರಥಮ ಚಿಕಿತ್ಸೆ, ಬಯಲಲ್ಲಿ ಅಡುಗೆ ಎಲ್ಲವನ್ನೂ ಅಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಯಬಹುದು.

ಎನ್‌ಸಿಸಿ ಸೇರಿದರೆ ಟ್ರೆಕ್ಕಿಂಗ್ ಶಿಬಿರ, ಪರ್ವತಾರೋಹಣ ಕೋರ್ಸುಗಳಿಗೆ ಆಯ್ಕೆಯಾಗುವ ಅವಕಾಶವಿದೆ. ಮುಂದೆ 'ಸಿ' ಸರ್ಟಿಫಿಕೇಟ್ ಇದ್ದರೆ ಸೈನ್ಯದ ಅಧಿಕಾರಿ ಹುದ್ದೆಗೆ ಎನ್‌ಸಿಸಿ ವಿಶೇಷ ಪ್ರವೇಶವೂ ಉಂಟು. ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಯುವಕ ಯುವತಿಯರಿಗೆ ತರಬೇತಿ ಕೊಡುತ್ತದೆ. ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ. ಕ್ಲಬ್ಬಿನ ಸೀನಿಯರ್‌ಗಳಲ್ಲಿ ಯಾರಾದರೂ ಅಂಥ ಕಡೆ ಕಲಿತು ಬಂದಿದ್ದಾರೆಯೇ ಎಂದು ಕೇಳುವುದು ಎಲ್ಲಕ್ಕಿಂತ ಮುಖ್ಯ. ಯೂಟ್ಯೂಬ್ ನೋಡಿ ರಾಪ್ಲಿಂಗ್ ಕಲಿಸುವವರು ಈಗ ಹೆಚ್ಚಾಗಿದ್ದಾರೆ.

ಪಿಬಿ_ರಸ್ತೆ
ಮೇಷ್ಟ್ರೇ, ಉತ್ತರಕಾಶಿ ಕೋರ್ಸಿಗೆ ಕಾಲೇಜು ಹುಡುಗರು ಹೋಗೋಕಾಗುತ್ತಾ? ಎಷ್ಟು ದಿನ?

ಹಗ್ಗ_ಗಂಟು
ಮೇಷ್ಟ್ರ ಬದಲು ನಾನು ಹೇಳ್ತೀನಿ. ಬೇಸಿಕ್ ಕೋರ್ಸ್ 28 ದಿನ. ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆದೂ ಅಷ್ಟೇ. ಡಾರ್ಜಿಲಿಂಗ್‌ದು 1954ರಲ್ಲಿ ಶುರುವಾಗಿದ್ದು, ಉತ್ತರಕಾಶಿದು 1965ರಲ್ಲಿ. ಸೀಟು ಬಹಳ ಮುಂಚೆನೇ ತುಂಬುತ್ತೆ, ಹಾಗಾಗಿ ರಜೆ ನೋಡ್ಕೊಂಡು ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕ್ಬೇಕು. ಅದರಲ್ಲಿ ಎ ಗ್ರೇಡ್ ಬಂದ್ರೆ ಅಡ್ವಾನ್ಸ್ ಕೋರ್ಸಿಗೆ ಹೋಗಬಹುದು. ಭಾರ ಹೊತ್ತು ನಡೆಯೋ ಅಭ್ಯಾಸ ಇಲ್ದೆ ಹೋದ್ರೆ ಮೊದಲ ವಾರನೇ ಕಷ್ಟ. ನಾನು ಬ್ಯಾಗಿಗೆ ನೀರಿನ ಬಾಟ್ಲಿ ತುಂಬ್ಕೊಂಡು ಬಾತಿ ಗುಡ್ಡ ಹತ್ತಿ ಇಳೀತಿದ್ದೆ.

ಕಾಡುದಾರಿ
ದುರ್ಗದ ಕಡೆ ಗುಡ್ಡಕ್ಕೆ ಹೋಗೋರು ಹಗ್ಗ ಬಿಟ್ಟು ಇನ್ನೂ ಮೂರು ವಿಷ್ಯ ತಲೇಲಿಟ್ಕೊಳ್ರಿ. ಬಿಸಿಲು, ಹೆಜ್ಜೇನು, ಕರಡಿ.

ನಮ್ದು ಮಳೆ ಕಮ್ಮಿ ಇರೋ ಸೀಮೆ. ಮಾರ್ಚ್ ಬಂತಂದ್ರೆ ಹತ್ತು ಗಂಟೆಗೇ ಬಂಡೆ ಕೈ ಸುಡುತ್ತೆ, ನೆರಳೂ ಇರಲ್ಲ. ಬೆಳಕು ಹರಿಯೋ ಹೊತ್ತಿಗೆ ಹತ್ತಿ, ಬಿಸಿಲೇರೋ ಹೊತ್ತಿಗೆ ಇಳೀಬೇಕು. ಒಬ್ಬೊಬ್ಬರಿಗೂ ಮೂರು ಲೀಟರ್ ನೀರು, ಜೊತೆಗೆ ಓಆರ್‌ಎಸ್. ಮಲೆನಾಡಿನ ಟ್ರೆಕ್ ಮಾಡಿದವರು ಇಲ್ಲಿ ಬಂದು ಒಂದು ಬಾಟ್ಲಿ ನೀರಲ್ಲಿ ಹೊರಡ್ತಾರೆ, ದಾರೀಲಿ ತೊರೆ ಸಿಗುತ್ತೆ ಅಂತ. ಇಲ್ಲಿ ಸಿಗಲ್ಲ.

ಹೆಜ್ಜೇನು ದೊಡ್ಡ ಬಂಡೆಗಳ ಚಾಚಿನ ಕೆಳಗೆ ಕಟ್ಟುತ್ತೆ, ಕ್ಲೈಂಬಿಂಗ್‌ನವರಿಗೆ ಇಷ್ಟ ಆಗೋದೂ ಅಂಥ ಜಾಗನೇ. ಹಿಂದಿನ ದಿನ ಹೋಗಿ ಕೆಳಗಿಂದ ಬಂಡೆ ಪೂರ್ತಿ ನೋಡಿ ಬರಬೇಕು. ಸೆಂಟ್ ಹಾಕ್ಕೊಂಡು ಹೋಗಬಾರದು, ಹತ್ರ ಬೆಂಕಿ ಹೊಗೆ ಮಾಡಬಾರದು, ಕಲ್ಲು ಎಸೀಬಾರದು. ಎದ್ದರೆ ಕೈ ಬೀಸ್ತಾ ನಿಲ್ಲಬೇಡಿ, ಮುಖ ಮುಚ್ಕೊಂಡು ದೂರ ಓಡಿ. ಮುಳ್ಳು ಚುಚ್ಕೊಂಡಿದ್ರೆ ತಡ ಮಾಡದೆ ಉಗುರಲ್ಲಿ ಕೆರೆದು ತೆಗೀಬೇಕು. ಬಹಳ ಕಡಿದಿದ್ರೆ, ಉಸಿರು ಕಟ್ಟಿದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹಗ್ಗದಲ್ಲಿ ನೇತಾಡ್ತಿರೋನು ಓಡೋಕಾಗಲ್ಲ ಅನ್ನೋದು ನೆನಪಿರಲಿ, ಅದಕ್ಕೇ ಗೂಡು ಕಂಡ್ರೆ ಆ ಬಂಡೆ ಬಿಟ್ಟುಬಿಡಿ.

ಜೋಗಿಮಟ್ಟಿಗೆ ಹೋಗೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕು, ಅದು ವನ್ಯಧಾಮ. ಕರಡಿ, ಚಿರತೆ ಎರಡೂ ಇದಾವೆ. ಮುಂಜಾನೆ ಕತ್ತಲಲ್ಲಿ, ಸಂಜೆ ಮೇಲೆ ಪೊದೆಯೊಳಗೆ ನುಗ್ಗಬೇಡಿ. ಸದ್ದು ಮಾಡದೆ ಹೋಗಿ ಎದುರಾಬದುರಾದ್ರೆ ಕರಡಿ ಮೈಮೇಲೆ ಬರುತ್ತೆ, ಮಾತಾಡ್ಕೊಂಡು ಗುಂಪಲ್ಲಿ ನಡೀರಿ. ಹಾವು ಕಡಿದ್ರೆ ಕುಯ್ಯೋದು, ಬಿಗಿಯಾಗಿ ಕಟ್ಟೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಕಡಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ನೇರ ಜಿಲ್ಲಾ ಆಸ್ಪತ್ರೆಗೆ. ದಾವಣಗೆರೆ ಹತ್ರ ಇದ್ರೆ ಚಿಗಟೇರಿ ಆಸ್ಪತ್ರೆ.

ಹರಿಹರದ_ಹೊಳೆ
ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೂ ಕ್ಲಬ್‌ನವರು ಹೋಗಬಹುದಾ? ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ನೋಡ್ಬೇಕು ಅಂತ ಬಹಳ ದಿನದ ಆಸೆ.

ಕಾಡುದಾರಿ
ಅದೂ ವನ್ಯಧಾಮನೇ, ಕೊಂಡುಕುರಿಗೋಸ್ಕರನೇ ಮಾಡಿರೋದು. ಅಲ್ಲಿಗೂ ಇಲಾಖೆ ಕೇಳ್ಕೊಂಡೇ ಹೋಗಬೇಕು. ನಲವತ್ತು ಜನ ಗಲಾಟೆ ಮಾಡ್ಕೊಂಡು ಹೋದ್ರೆ ಕೊಂಡುಕುರಿ ಕಾಣಲ್ಲ. ಬಹಳ ನಾಚಿಕೆ ಪ್ರಾಣಿ ಅದು.

ದುರ್ಗದವನು
ಎಲ್ಲಾದಕ್ಕೂ ಅನುಮತಿ, ಅನುಮತಿ. ಹಿಂಗಾದ್ರೆ ಹುಡುಗರು ಹೊರಗೆ ಹೋಗೋದು ಯಾವಾಗ?

ಸಿವಿಲ್_ಮೇಡಂ
ಅನುಮತಿ ಇಲ್ಲದ ಕಾಲ ಏನಾಯಿತು ನೋಡಿದ್ದೇವಲ್ಲ. 2024ರ ಜನವರಿಯಲ್ಲಿ ರಜೆ ಸಾಲಾಗಿ ಬಂದು ಕುಮಾರ ಪರ್ವತದಲ್ಲಿ ಸಾವಿರಾರು ಜನ ಸೇರಿದರು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಟ್ರೆಕ್ಕಿಂಗ್ ನಿಲ್ಲಿಸಿ, ಮುಂಗಡ ಟಿಕೆಟ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಲವು ದಾರಿ ಮುಚ್ಚುತ್ತಾರೆ. ನಿಮ್ಮ ಕ್ಲಬ್ ಈ ಟಿಕೆಟ್ಟನ್ನು ಮೊದಲೇ ಮಾಡಿಸುತ್ತದೆಯೋ, ಅಥವಾ ಚೆಕ್‌ಪೋಸ್ಟ್ ತಪ್ಪಿಸಿ ರಾತ್ರಿ ಹೊತ್ತು ನುಗ್ಗಿಸುತ್ತದೆಯೋ ಎಂದು ಕೇಳಿ. ನುಗ್ಗಿಸುವವರ ಜೊತೆ ಹೋಗಿ ಏನಾದರೂ ಆದರೆ ನೀವು ಅಲ್ಲಿ ಇದ್ದೀರಿ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ಮೂಕ_ಹಕ್ಕಿ
ಶೂ ಯಾವುದು ತಗೋಬೇಕು? ಮೂರ್ನಾಲ್ಕು ಸಾವಿರದ್ದೆಲ್ಲ ನಂಗಾಗಲ್ಲ.

ಮಳೆಗಾಲ
ಬೇಡವೇ ಬೇಡ. ಅಡಿಭಾಗ ರಬ್ಬರಿಂದು, ಆಳವಾದ ಗೆರೆ ಇರೋದು, ಬೆರಳ ಮುಂದೆ ಸ್ವಲ್ಪ ಜಾಗ ಇರೋದು ತಗೋ. ಇಳಿಯೋವಾಗ ಬೆರಳು ಮುಂದೆ ಬಡಿದು ಉಗುರು ಕಪ್ಪಾಗುತ್ತೆ, ಅದಕ್ಕೆ ಆ ಜಾಗ. ಸಂಜೆ ಹೊತ್ತು ಅಂಗಡಿಗೆ ಹೋಗು, ಆಗ ಪಾದ ಸ್ವಲ್ಪ ಊದಿರುತ್ತೆ, ಅಳತೆ ಸರಿಯಾಗಿ ಸಿಗುತ್ತೆ. ಹೊಸ ಶೂ ಹಾಕ್ಕೊಂಡು ನೇರ ಟ್ರೆಕ್ಕಿಗೆ ಹೋಗ್ಬೇಡ, ಎರಡು ವಾರ ಕಾಲೇಜಿಗೆ ಹಾಕ್ಕೊಂಡು ಓಡಾಡು. ಬ್ಯಾಗು, ಟೆಂಟು ಕ್ಲಬ್ಬಿಂದೇ ಇರುತ್ತೆ, ಅದಕ್ಕೇ ಅಲ್ವಾ ಫೀಸು ಕಟ್ಟೋದು.

ನೇರ_ಮಾತು
ಫೀಸಿನ ಮಾತು ಬಂತಲ್ಲ. ಎಂಟುನೂರು ಇಂಟು ನೂರು ಜನ ಅಂದ್ರೆ ಎಂಬತ್ತು ಸಾವಿರ. ಟೀ ಶರ್ಟಿಗೆ ಎಷ್ಟು ಹೋಯ್ತು, ಹಗ್ಗಕ್ಕೆ ಎಷ್ಟು ಹೋಯ್ತು, ಲೆಕ್ಕ ಕೇಳಿ. ಟೀ ಶರ್ಟಿಗೇ ಜಾಸ್ತಿ ಹೋಗಿದ್ರೆ ನಾನು ಮೊದಲು ಹೇಳಿದ್ದೇ ನಿಜ.

ಹಗ್ಗ_ಗಂಟು
ಇದನ್ನ ನೂರಕ್ಕೆ ನೂರು ಒಪ್ತೀನಿ. ವರ್ಷದ ಕೊನೇಲಿ ಲೆಕ್ಕ ಓದೋ ಕ್ಲಬ್‌ನಲ್ಲಿ ಸಾಮಾನೂ ಚೆನ್ನಾಗಿರುತ್ತೆ.

ಹೊಸದುರ್ಗದ_ಹುಡುಗಿ
ಇವತ್ತು ಸಂಜೆ ಕ್ಲಬ್‌ನ ಸೆಕ್ರೆಟರಿ ಹತ್ರ ಮಾತಾಡಿದೆ. ಪ್ರಾಕ್ಟೀಸ್ ಬುಧವಾರ ಮತ್ತೆ ಶನಿವಾರ ಸಂಜೆ, ಹಾಸ್ಟೆಲ್ ಹಿಂದಿನ ಗ್ರೌಂಡಲ್ಲಿ. ಹಗ್ಗದ ನೋಟ್‌ಬುಕ್ ತೋರ್ಸಿದ್ರು, ಎರಡು ಹಗ್ಗದ ಹೆಸರ ಮೇಲೆ ಕೆಂಪು ಗೀಟು ಹೊಡೆದಿತ್ತು, ಅವನ್ನ ಈಗ ಟೆಂಟ್ ಕಟ್ಟೋಕಷ್ಟೇ ಬಳಸ್ತಾರಂತೆ. ಲೆಕ್ಕದ ಪುಸ್ತಕ ಕೇಳಿದ್ದಕ್ಕೆ ಮಾತ್ರ "ಟ್ರೆಷರರ್ ಊರಿಗೆ ಹೋಗಿದಾನೆ" ಅಂದ್ರು. ಮೇಡಂ ಒಬ್ಬರು ಜೊತೆ ಬರ್ತಾರೆ, ಆದ್ರೆ ಎಲ್ಲಾ ಟ್ರಿಪ್ಪಿಗೂ ಅಲ್ಲ. ಥರ್ಡ್ ಇಯರ್ ಅಕ್ಕ ಒಬ್ಬರನ್ನ ನಾಳೆ ಭೇಟಿ ಮಾಡ್ತೀನಿ.

ತಂದೆಯೊಬ್ಬ
ಮೇಡಂ ಬರುವ ಟ್ರಿಪ್ಪಿಗೆ ಮಾತ್ರ ಹೋಗು. ನಿಮ್ಮ ಅಪ್ಪನಿಗೂ ಅದನ್ನೇ ಹೇಳು, ಆ ಮೇಡಂ ಜೊತೆ ಒಮ್ಮೆ ಮಾತಾಡಿಸು. ಒಪ್ಪುತ್ತಾರೆ.

ಡಿಪ್ಲೊಮಾ_ಹುಡುಗ
ನಮ್ದು ಪಾಲಿಟೆಕ್ನಿಕ್. ಕ್ಲಬ್ಬೇ ಇಲ್ಲ. ನಾವೇ ಶುರು ಮಾಡಬಹುದಾ?

ಹಗ್ಗ_ಗಂಟು
ಮಾಡಬಹುದು, ಯಾಕಾಗಲ್ಲ? ಆಸಕ್ತಿ ಇರೋ ಐದಾರು ಜನ, ಜೊತೆಗೆ ನಿಲ್ಲೋ ಒಬ್ಬರು ಲೆಕ್ಚರರ್, ಇಷ್ಟಿದ್ರೆ ಸಾಕು. ಮೊದಲ ವರ್ಷ ಹಗ್ಗ ಮುಟ್ಟಬೇಡಿ. ಬರೀ ನಡಿಗೆ, ನಕ್ಷೆ ಓದೋದು, ಪ್ರಥಮ ಚಿಕಿತ್ಸೆ. ಅಷ್ಟರಲ್ಲಿ ನಿಮ್ಮಲ್ಲಿ ಇಬ್ಬರನ್ನ ಮೇಷ್ಟ್ರು ಹೇಳಿದ ಸಾಹಸ ಅಕಾಡೆಮಿ ಶಿಬಿರಕ್ಕೆ ಕಳ್ಸಿ, ಅವರು ಬಂದ ಮೇಲೆ ಹಗ್ಗ ಕೊಳ್ಳೋ ಮಾತು. ಸೆಕೆಂಡ್ ಹ್ಯಾಂಡ್ ಹಗ್ಗ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ತಗೋಬೇಡಿ, ಅದರಲ್ಲಿ ಎಷ್ಟು ಸಲ ಜನ ಬಿದ್ದು ನೇತಾಡಿದಾರೆ ಅಂತ ನಿಮಗೆ ಗೊತ್ತಿರಲ್ಲ. ಶನಿವಾರ ಸಂಜೆ ಬಿಡುವಿದ್ರೆ ಹೇಳಿ, ಗಂಟು ಹಾಕೋದು ನಾನೇ ಬಂದು ಹೇಳ್ಕೊಡ್ತೀನಿ.

ಡಿಪ್ಲೊಮಾ_ಹುಡುಗ
ಈ ಶನಿವಾರನೇ ಬರ್ತೀರಾ ಅಣ್ಣಾ? ನಾವು ಏಳು ಜನ ಇದೀವಿ.